ಯಾವ ಕಿಟಕಿ ನೋಡಿ ಕಿಟಕಿ ಮಾಡಬೇಕು? ಹಳೇ ಕಟ್ಟಡವೊಂದರ ಮರಗೆಲಸದ ಪ್ರಕರಣ

ಹಿನ್ನೆಲೆ

ಎರಡು ಅಂತಸ್ತಿನ ಕಟ್ಟಡ. ಕಟ್ಟಿ 130 ವರ್ಷ ದಾಟಿದೆ. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಕೆಳಗೆ ಓದುವ ಕೋಣೆ, ಮೇಲೆ ಸಭೆ ಸೇರುವ ಹಜಾರ. ನೋಡಿಕೊಳ್ಳುವುದು ಒಂದು ಟ್ರಸ್ಟ್. ಕಟ್ಟಡ ಯಾವುದು, ಎಲ್ಲಿದೆ, ಯಾರೆಲ್ಲ ಕೆಲಸ ಮಾಡಿದರು ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ.

ಕಟ್ಟಡಕ್ಕೆ ಒಟ್ಟು 34 ಕಿಟಕಿ, ಒಂದು ದೊಡ್ಡ ಮುಂಬಾಗಿಲು. ಎಲ್ಲವೂ ತೇಗದ್ದು. ಪ್ರತಿ ಕಿಟಕಿಗೂ ಎರಡು ಕದ, ಪ್ರತಿ ಕದದಲ್ಲೂ ತೆಳ್ಳಗಿನ ಮರದ ಪಟ್ಟಿಗಳ ನಡುವೆ ಕೂರಿಸಿದ ಸಣ್ಣ ಸಣ್ಣ ಗಾಜುಗಳು. ಮಳೆಗಾಳಿ ನೇರವಾಗಿ ಹೊಡೆಯುವುದು ಪಡುವಣ ಗೋಡೆಗೆ. ಆ ಕಡೆಯ ಕಿಟಕಿಗಳು ಲಡ್ಡು ಹಿಡಿದಿದ್ದವು. ಕೆಲವು ಜಾಗದಲ್ಲಿ ಮೂಲ ಕಿಟಕಿ ಕಿತ್ತು ಪ್ಲೈವುಡ್ ಹಲಗೆ ಬಡಿದಿದ್ದರು.

ಟ್ರಸ್ಟಿನವರ ಕೇಳಿಕೆ ಸರಳವಾಗಿತ್ತು: "ಎಲ್ಲ 34 ಕಿಟಕಿಯನ್ನೂ ತೆಗೆದು ಹಳೇ ಮಾದರಿಯಲ್ಲೇ ಹೊಸದು ಮಾಡಿಸಿ." ಗುತ್ತಿಗೆದಾರರೂ ಒಪ್ಪಿದ್ದರು. ಅವರಿಗೆ ಅದೇ ಸಲೀಸು. ಒಂದು ಅಳತೆ, ಒಂದು ಮಾದರಿ, ಒಂದೇ ದರ. ಮರಗೆಲಸದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದದ್ದು ಈ ಹಂತದಲ್ಲಿ.

ಮೊದಲ ತೀರ್ಮಾನ: ಎಷ್ಟು ಮಾಡಬಾರದು

ಹಳೇ ಕಟ್ಟಡದ ಕಿಟಕಿ ದೂರದಿಂದ ನೋಡಿದರೆ ಎಲ್ಲವೂ ಹಾಳಾಗಿಯೇ ಕಾಣುತ್ತವೆ. ಬಣ್ಣ ಸಿಪ್ಪೆ ಎದ್ದಿರುತ್ತದೆ, ಪುಟ್ಟಿ ಉದುರಿರುತ್ತದೆ, ಕದ ಮುಚ್ಚುವುದಿಲ್ಲ. ಇವೆಲ್ಲ ಮೇಲ್ಮೈಯ ರೋಗ. ಮರ ಹೇಗಿದೆ ಅಂತ ತಿಳಿಯಬೇಕಾದರೆ ಚೂಪಾದ ದಬ್ಬಳದಿಂದ ಚುಚ್ಚಿಯೇ ನೋಡಬೇಕು. ಗಟ್ಟಿ ಮರ ತುದಿಯನ್ನು ತಡೆಯುತ್ತದೆ. ಲಡ್ಡು ಮರದಲ್ಲಿ ಅದು ಸುಮ್ನೆ ಇಳಿದುಹೋಗುತ್ತದೆ.

ಹಾಗೆ ಒಂದೊಂದನ್ನೂ ಚುಚ್ಚಿ ನೋಡಿದಾಗ ಲೆಕ್ಕ ಬೇರೆಯೇ ಬಂತು. 19 ಕಿಟಕಿಗೆ ಬರೀ ಬಣ್ಣ, ಪುಟ್ಟಿ, ಕೀಲಿನ ಕೆಲಸ ಸಾಕಿತ್ತು. 6 ಕಿಟಕಿಗಳಲ್ಲಿ ಕದದ ಕೆಳಗಿನ ಅಡ್ಡಪಟ್ಟಿ ಮಾತ್ರ ಹೋಗಿತ್ತು. ಹೊಸದಾಗಿ ಮಾಡಲೇಬೇಕಾದದ್ದು 9. ಹಾಳಾಗುವುದು ಯಾವಾಗಲೂ ಕೆಳಗಿನಿಂದ. ನೀರು ನಿಲ್ಲುವುದು ಅಲ್ಲಿ, ಮರದ ಅಡ್ಡಕೊಯ್ತದ ತುದಿಗಳು ಬಾಯಿ ತೆರೆದಿರುವುದೂ ಅಲ್ಲಿ. ಮರದಲ್ಲಿ ತೇವ ನೂರಕ್ಕೆ 20 ದಾಟಿ ಹಾಗೇ ನಿಂತರೆ ಶಿಲೀಂಧ್ರ ಶುರುವಾಗುತ್ತದೆ. ಮೇಲಿನ ಅರ್ಧಭಾಗ ಎಷ್ಟೋ ಸಲ ಹೊಸತರ ಹಾಗೇ ಇರುತ್ತದೆ.

ಟ್ರಸ್ಟಿನ ಕಾರ್ಯದರ್ಶಿಯವರಿಗೆ ಇದು ಹಿಡಿಸಲಿಲ್ಲ. "ಅರ್ಧ ಹೊಸದು, ಅರ್ಧ ಹಳೇದು ಮಾಡಿದರೆ ತೇಪೆ ಹಾಕಿದ ಹಾಗೆ ಕಾಣಲ್ವಾ ಸಾರ್?" ಅಂದರು. ನ್ಯಾಯವಾದ ಪ್ರಶ್ನೆಯೇ. ಹಳೇ ಸ್ಮಾರಕಗಳ ಸಂರಕ್ಷಣೆಗೆ ದಾರಿ ತೋರಿಸುವ 1964ರ ವೆನಿಸ್ ಸನ್ನದು ಈ ಪ್ರಶ್ನೆಗೆ ಎರಡು ಕಡೆಯಿಂದ ಉತ್ತರ ಕೊಡುತ್ತದೆ: ಕಾಣೆಯಾದ ಭಾಗದ ಜಾಗಕ್ಕೆ ಬರುವ ಹೊಸದು ಇಡೀ ಕಟ್ಟಡದ ಜೊತೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆ ಅಂತ ಗುರುತಿಸುವಂತೆಯೂ ಇರಬೇಕು. ಆದರೆ ಅವರು ಒಪ್ಪಿದ್ದು ಸನ್ನದಿನಿಂದಲ್ಲ, ಮರದಿಂದ. ತೆಗೆದ ಒಂದು ಹಳೇ ಕದವನ್ನೂ ಗುತ್ತಿಗೆದಾರರು ತಂದ ಹೊಸ ತೇಗದ ತುಂಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆವು. ಹಳೇದರ ಉಂಗುರಗಳು ಒತ್ತೊತ್ತಾಗಿದ್ದವು, ಪೂರ್ತಿ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಮರ. ಹೊಸದರಲ್ಲಿ ಒಂದು ಅಂಚಿನುದ್ದಕ್ಕೂ ಬಿಳಿಮರ, ಅಂದರೆ ತೊಗಟೆಯ ಕಡೆಯ ಎಳೆ ಮರ. ತೇಗಕ್ಕೆ ಗೆದ್ದಲು ಬರುವುದಿಲ್ಲ ಅನ್ನುವ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ಬಿಳಿಮರಕ್ಕೆ ಆ ರಕ್ಷಣೆ ಇಲ್ಲ. "ಹಾಗಾದ್ರೆ ಇದನ್ನ ಕಿತ್ತು ಅದನ್ನ ಹಾಕೋದು ಯಾವ ಲೆಕ್ಕ?" ಅಂತ ಅವರೇ ಕೇಳಿದರು.

34 ಇದ್ದದ್ದು 9ಕ್ಕೆ ಇಳಿಯಿತು. ಗುತ್ತಿಗೆದಾರರ ಮುಖ ಸ್ವಲ್ಪ ಸಣ್ಣದಾಯಿತು. ದುರಸ್ತಿ ಕೆಲಸಕ್ಕೆ ಬೇರೆ ದರಪಟ್ಟಿ ಮಾಡಿ ಅದನ್ನು ಸರಿಪಡಿಸಬೇಕಾಯಿತು. ಹಾಗೆ ಮಾಡದಿದ್ದರೆ ದುರಸ್ತಿಯಾಗುವ ಕಿಟಕಿಗಳೆಲ್ಲ ಒಂದೊಂದಾಗಿ 'ಆಗೋದೇ ಇಲ್ಲ' ಪಟ್ಟಿಗೆ ಸೇರುತ್ತವೆ.

ಸಮಸ್ಯೆ: ಮಾದರಿ ಯಾವುದು

9 ಹೊಸ ಕಿಟಕಿಗೆ ಮಾದರಿ ಬೇಕಲ್ಲ? ಗುತ್ತಿಗೆದಾರರು ಮುಂಬಾಗಿಲ ಪಕ್ಕದ ಕಿಟಕಿಯನ್ನು ಆರಿಸಿ ಅಳತೆ ತೆಗೆದು ಚಿತ್ರವನ್ನೂ ಬರೆಸಿಬಿಟ್ಟಿದ್ದರು. ಎಲ್ಲಕ್ಕಿಂತ ಗಟ್ಟಿಮುಟ್ಟಾಗಿದ್ದ ಕಿಟಕಿ ಅದು. ಚೊಕ್ಕವಾಗಿ ಮುಚ್ಚುತ್ತಿತ್ತು. ಯಾರಿಗಾದರೂ ಅದೇ ಸರಿ ಅನ್ನಿಸುತ್ತಿತ್ತು.

ಅನುಮಾನ ಹುಟ್ಟಿದ್ದು ಅದು ಅಷ್ಟು ಚೆನ್ನಾಗಿದ್ದುದರಿಂದಲೇ. ಅದೇ ಗೋಡೆಯಲ್ಲಿ ಅದರ ಎರಡೂ ಪಕ್ಕದ ಕಿಟಕಿ ಸೊರಗಿರುವಾಗ ಇದೊಂದೇ ಹೇಗೆ ಉಳಿಯಿತು? ಕೀಲು ಬಿಚ್ಚಿದಾಗ ಮೊದಲ ಸುಳಿವು ಸಿಕ್ಕಿತು. ಸ್ಕ್ರೂಗಳ ತಲೆಯಲ್ಲಿ ಕೂಡು ಗುರುತಿನ ಕಚ್ಚು. ಇಂಥ ಫಿಲಿಪ್ಸ್ ಸ್ಕ್ರೂ 1930ರ ದಶಕಕ್ಕಿಂತ ಮುಂಚೆ ಮಾರುಕಟ್ಟೆಗೆ ಬಂದದ್ದಲ್ಲ. ಸ್ಕ್ರೂ ಮಾತ್ರ ಯಾರೋ ಬದಲಿಸಿರಬಹುದು ಅಂದುಕೊಂಡರೆ, ಚೌಕಟ್ಟಿನಲ್ಲಾಗಲಿ ಕದದಲ್ಲಾಗಲಿ ಬೇರೆ ಸ್ಕ್ರೂ ಕೂತಿದ್ದ ಹಳೇ ತೂತು ಒಂದೂ ಇರಲಿಲ್ಲ. ಅಂದರೆ ಈ ಕೀಲೇ ಅಲ್ಲಿಗೆ ಬಂದ ಮೊದಲ ಕೀಲು.

ಎರಡನೆಯ ಸಾಕ್ಷಿ ಬಣ್ಣದ್ದು. ಯಾರಿಗೂ ಕಾಣದ ಮೂಲೆಯಲ್ಲಿ ಬಣ್ಣವನ್ನು ಬೊಟ್ಟಿನಷ್ಟಗಲ ಓರೆಯಾಗಿ ಕೆರೆದು, ನೀರು ಹಚ್ಚಿ, ಭೂತಗನ್ನಡಿ ಹಿಡಿದರೆ ಪದರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಪಕ್ಕದ ಸೊರಗಿದ ಕಿಟಕಿಯಲ್ಲಿ 11 ಪದರ. ಕೆಳಗಿನವು ಕಂದು, ಆಮೇಲೆ ಎರಡು ಮೂರು ಬಗೆಯ ಹಸಿರು, ಮೇಲೆ ಬಿಳಿ. 'ಚೆನ್ನಾಗಿರುವ' ಕಿಟಕಿಯಲ್ಲಿ ನಾಲ್ಕೇ ಪದರ, ಕಂದು ಇಲ್ಲವೇ ಇಲ್ಲ. ಹಳೇ ಬಣ್ಣದಲ್ಲಿ ಸೀಸ ಇರುವುದೇ ಜಾಸ್ತಿ. ಹಾಗಾಗಿ ಕೆರೆಯುವುದೆಲ್ಲ ಒದ್ದೆ ಮಾಡಿಯೇ ಆಯಿತು. ಒಣ ಉಪ್ಪು ಕಾಗದ ತಿಕ್ಕಲು ಯಾರಿಗೂ ಬಿಡಲಿಲ್ಲ.

ಅಂದರೆ ಗುತ್ತಿಗೆದಾರರು ಮಾದರಿ ಅಂತ ಹಿಡಿದದ್ದೇ ಒಂದು ನಕಲು. ಎಷ್ಟೋ ದಶಕಗಳ ಹಿಂದೆ ಯಾರೋ ಬಡಗಿ ತನ್ನ ಕೈಗೆ ಬಂದ ಹಾಗೆ ಮಾಡಿ ಕೂರಿಸಿದ್ದ ಕಿಟಕಿ. ಅದನ್ನೇ ನೋಡಿ 9 ಮಾಡಿದ್ದರೆ ನಕಲಿನ ನಕಲು ಕಟ್ಟಡದ ತುಂಬಾ ಹರಡುತ್ತಿತ್ತು. ಒಂದು ತಲೆಮಾರು ಕಳೆದ ಮೇಲೆ ಅದೇ ಮೂಲ ಅನ್ನಿಸಿಕೊಳ್ಳುತ್ತಿತ್ತು.

ಮೂಲ ಸಿಕ್ಕಿದ್ದು ಮೆಟ್ಟಿಲ ಪಕ್ಕದ ಗೂಡುಕೋಣೆಯಲ್ಲಿ. ಒಂದು ದೊಡ್ಡ ಕಪಾಟು ಅದಕ್ಕೆ ಅಡ್ಡ ನಿಂತಿತ್ತು. ಹೊರಗಡೆ ಚಾವಣಿ ಇಳಿದು ಬಂದು ಮಳೆ ತಾಗದಂತೆ ಕಾಪಾಡಿತ್ತು. ಎರಡನ್ನೂ ಹೋಲಿಸಿದಾಗ ಗಾಜಿನ ಪಟ್ಟಿಯ ದಪ್ಪವೇ ಬೇರೆ: ಮೂಲದಲ್ಲಿ 18 ಮಿಲಿಮೀಟರ್, ನಕಲಿನಲ್ಲಿ 28. ಕಾಗದದ ಮೇಲೆ ಹತ್ತು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಒಂದು ಕದದಲ್ಲಿ ಅಂಥ ಪಟ್ಟಿ ನಾಲ್ಕೈದು ಬರುತ್ತವೆ. ದಪ್ಪ ಪಟ್ಟಿಯ ಕಿಟಕಿ ಜೈಲಿನ ಸರಳಿನ ಹಾಗೆ ಕಾಣುತ್ತದೆ.

ಮಾದರಿ ಕಿಟಕಿ, ಮೊದಲ ಮಳೆ

ಈ ಮೂಲವನ್ನು ಇಟ್ಟುಕೊಂಡು ಮೊದಲು ಒಂದೇ ಒಂದು ಕಿಟಕಿ ಮಾಡುವುದು, ಅದನ್ನು ಪಡುವಣ ಗೋಡೆಯಲ್ಲಿ ಕೂರಿಸಿ ಮಳೆಗಾಲ ಕಳೆಯಲು ಬಿಡುವುದು ಅಂತ ಆಯಿತು. ಕೆಲಸ ತಡವಾಗುತ್ತದೆ ಅಂತ ಗೊಣಗಾಟ ಇತ್ತು. ಉಳಿದ ದುರಸ್ತಿ ಕೆಲಸ ಬೇಕಾದಷ್ಟಿದ್ದುದರಿಂದ ನಡೆದುಹೋಯಿತು.

ಮರ ಹೊರಗಿನಿಂದ ತರಲಿಲ್ಲ. ಕಟ್ಟಡದ ಹಿಂದೆ ಬಿದ್ದುಹೋಗಿದ್ದ ಒಂದು ಚಾವಣಿಯ ತೇಗದ ತೊಲೆಗಳಿದ್ದವು. ಮೊಳೆ ಕೀಳುವುದೇ ಒಂದು ದೊಡ್ಡ ಕೆಲಸ. ಒಳಗೆ ಮುರಿದುಳಿದ ಒಂದು ಮೊಳೆ ಸಾಕು, ಯಂತ್ರದ ಬ್ಲೇಡ್ ಹಲ್ಲು ಕಳೆದುಕೊಳ್ಳಲು. ಪ್ರತಿ ತೊಲೆಯ ಮೇಲೂ ಲೋಹಶೋಧಕ ಆಡಿಸಿ, ಸಿಕ್ಕಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಕೊಯ್ದರು. ಕೊಯ್ಯುವಾಗ ಉಂಗುರಗಳು ಹಲಗೆಯ ಮುಖಕ್ಕೆ ನೇರ ನಿಲ್ಲುವಂತೆ ನೋಡಿಕೊಂಡರು. ಮರ ಒಣಗಿದಾಗ ಉಂಗುರದ ಗುಂಟ ಕುಗ್ಗುವುದು ಜಾಸ್ತಿ, ಉಂಗುರಕ್ಕೆ ಅಡ್ಡಲಾಗಿ ಹೆಚ್ಚುಕಡಿಮೆ ಅದರರ್ಧ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹಾಗೆ ಕೊಯ್ದ ಪಟ್ಟಿ ಸೊಟ್ಟ ತಿರುಗುವುದಿಲ್ಲ. ಮರದ ನಷ್ಟ ಜಾಸ್ತಿ, ನಿಜ. ಕಿಟಕಿ ಕದಕ್ಕೆ ಆ ನಷ್ಟ ಸಹಿಸಬೇಕು.

ಜೋಡಣೆಯನ್ನು ಹಳೇ ಕದ ಬಿಚ್ಚಿ ಕಲಿತದ್ದು. ಅಡ್ಡಪಟ್ಟಿಯ ತುದಿಯ ನಾಲಿಗೆ ನಿಂತ ಪಟ್ಟಿಯ ತೂತಿನಲ್ಲಿ ಆಚೆವರೆಗೂ ಹಾಯ್ದು ಬರುತ್ತದೆ. ನಾಲಿಗೆಯ ದಪ್ಪ ಪಟ್ಟಿಯ ಮೂರರಲ್ಲೊಂದು ಪಾಲು. ಗೋಂದು ಇರಲಿಲ್ಲ, ಒಂದು ಮರದ ಮೊಳೆ ಮಾತ್ರ. ಮೊಳೆಯ ಜಾಣತನ ಇರುವುದು ತೂತಿನಲ್ಲಿ. ನಾಲಿಗೆಯಲ್ಲಿ ಕೊರೆದ ತೂತು ಪಟ್ಟಿಯ ತೂತಿಗೆ ಸರಿಯಾಗಿ ಎದುರಾಗುವುದಿಲ್ಲ, ಕೂದಲೆಳೆಯಷ್ಟು ನಾಲಿಗೆಯ ಬುಡದ ಕಡೆಗೆ ಸರಿದಿರುತ್ತದೆ. ಮೊಳೆ ಹೊಡೆಯುತ್ತಾ ಹೋದ ಹಾಗೆ ಅದೇ ನಾಲಿಗೆಯನ್ನು ಒಳಕ್ಕೆ ಸೆಳೆದು ಸಂದು ಬಿಗಿಯುತ್ತದೆ. ಮುಂದೆ ದುರಸ್ತಿ ಬೇಕಾದಾಗ ಮೊಳೆ ಕೊರೆದು ತೆಗೆದರೆ ಕದ ಬಿಚ್ಚಿಕೊಳ್ಳುತ್ತದೆ. ಈಗಿನ ಗೋಂದು ಹಾಕಿದ ಕದವನ್ನು ಮುರಿಯದೆ ಬಿಚ್ಚುವುದು ಕಷ್ಟ.

ಮಾದರಿ ಕಿಟಕಿ ಚೆಂದ ಬಂತು. ಕೂರಿಸಿದೆವು. ಮೊದಲ ಜೋರು ಮಳೆಗೇ ಒಳಗಿನ ಅಡಿಪಟ್ಟಿಯ ಮೇಲೆ ನೀರು ನಿಂತಿತ್ತು.

ಗಾಜಿನ ಸುತ್ತ ಸೋರಿರಬೇಕು ಅಂತ ಎಲ್ಲರೂ ಪುಟ್ಟಿ ನೋಡಿದರು. ಪುಟ್ಟಿ ಸರಿಯಿತ್ತು. ಕದದ ಸಂದು ಅಗಲವಾಗಿದೆ ಅಂತ ಒಬ್ಬರು ರಬ್ಬರ್ ಪಟ್ಟಿ ಅಂಟಿಸಲು ಹೊರಟರು. ಅದನ್ನು ತಡೆದವರು ಬಡಗಿ ಮೇಸ್ತ್ರಿ. "ಅಷ್ಟು ವರ್ಷ ರಬ್ಬರ್ ಇಲ್ದೆ ಹೇಗಿತ್ತು ಸಾರ್, ಅದನ್ನ ಮೊದಲು ನೋಡೋಣ" ಅಂದರು. ಮತ್ತೆ ಗೂಡುಕೋಣೆಯ ಮೂಲ ಕದಕ್ಕೆ ಹೋದೆವು. ಮೇಸ್ತ್ರಿ ಅದನ್ನು ಮಗುಚಿ ಹಾಕಿ ಕೆಳಗಿನ ಅಡ್ಡಪಟ್ಟಿಯ ಅಡಿಭಾಗಕ್ಕೆ ಬೆರಳು ಆಡಿಸಿದರು. ಒಂದು ಕಡೆ ಬಣ್ಣ ಸ್ವಲ್ಪ ತಗ್ಗಿದಂತಿತ್ತು, ಅಷ್ಟೇ. ಅಲ್ಲಿ ಉಳಿಯ ಮೂಲೆಯಿಂದ ಮೀಟಿದರು. ಪದರ ಪದರ ಬಣ್ಣ ಒಂದು ಹಗ್ಗದ ಹಾಗೆ ಎದ್ದು ಬಂತು. ಅದರಡಿಯಲ್ಲಿ ಉದ್ದಕ್ಕೂ ಒಂದು ತೋಡು, ಕಿರುಬೆರಳ ತುದಿ ಕೂರುವಷ್ಟು.

ಮಳೆ ನೀರು ಕದದ ಮುಖದ ಮೇಲೆ ಇಳಿದು ಅಂಚಿಗೆ ಬಂದಾಗ ನೇರ ಕೆಳಗೆ ಬೀಳುವುದಿಲ್ಲ. ಮರಕ್ಕೆ ಅಂಟಿಕೊಂಡೇ ಅಡಿಯಲ್ಲಿ ಒಳಕ್ಕೆ ಹರಿಯುತ್ತದೆ. ಆ ತೋಡು ಅಡ್ಡ ಬಂದರೆ ಮುಂದೆ ಹೋಗಲಾಗದೆ ಅಲ್ಲೇ ಹನಿಯಾಗಿ ಬೀಳುತ್ತದೆ. ಮೂಲದಲ್ಲಿ ತೋಡು ಬಣ್ಣ ತುಂಬಿ ಮುಚ್ಚಿಹೋಗಿತ್ತು. ಅಳತೆ ತೆಗೆದವರ ಕಣ್ಣಿಗೆ ಬಿದ್ದಿರಲಿಲ್ಲ. ಪಡುವಣ ಗೋಡೆಯ ಹಳೇ ಕಿಟಕಿಗಳು ಲಡ್ಡು ಹಿಡಿಯಲೂ ಅದೇ ಕಾರಣ ಇರಬೇಕು. ಪ್ರತಿ ಸಲ ಬಣ್ಣ ಹೊಡೆದಾಗಲೂ ತೋಡು ಸ್ವಲ್ಪ ಸ್ವಲ್ಪ ತುಂಬುತ್ತಾ ಹೋಗಿದೆ.

ಇದು ಈ ಇಡೀ ಕೆಲಸದ ತಿರುವು. ತೋಡೇ ಕಾಣದಿದ್ದ ಮೇಲೆ ಉಳಿದ ಅಂಚುಗಳ ಕಥೆ ಏನು? ಮೂಲ ಕದದ ಒಂದು ಗೇಣಿನಷ್ಟು ಭಾಗವನ್ನು ಬರೀ ಮರದವರೆಗೆ ಬಣ್ಣ ಬಿಡಿಸಿ ನೋಡಿದಾಗ ಗಾಜಿನ ಪಟ್ಟಿಯ ಮೋಲ್ಡಿಂಗ್ (ಅಂಚಿನ ಅಲಂಕಾರದ ಕೆತ್ತನೆ) ಕೂಡ ನಾವು ಬರೆದುಕೊಂಡ ಹಾಗಿರಲಿಲ್ಲ. ಬಣ್ಣದ ಮೇಲಿಂದ ಅಳೆದಾಗ ಅದು ಬರೀ ಉಬ್ಬು. ಬಣ್ಣ ತೆಗೆದಾಗ ಉಬ್ಬಿನ ಎರಡೂ ಪಕ್ಕ ಚೂಪಾದ ಸಣ್ಣ ಮೆಟ್ಟಿಲು. ಬೆಳಕು ಬಿದ್ದಾಗ ಗೆರೆಯಾಗಿ ಕಾಣುವುದು ಆ ಮೆಟ್ಟಿಲೇ. ಪಟ್ಟಿ ಕೂಡ 18 ಅಲ್ಲ, 16 ಮಿಲಿಮೀಟರ್. ಚಿತ್ರವನ್ನು ಪೂರ್ತಿ ಮತ್ತೆ ಬರೆಯಬೇಕಾಯಿತು.

ಮಾದರಿ ಕಿಟಕಿಯನ್ನು ಎಸೆಯಲಿಲ್ಲ. ಅದಕ್ಕೆ ತೋಡು ಹೊಡೆದು ಅಲ್ಲೇ ಬಿಟ್ಟರು. ಅದೇ ಮಳೆಗಾಲದಲ್ಲಿ ಮತ್ತೆ ಸೋರಲಿಲ್ಲ.

ಚೌಕ ಇಲ್ಲದ ಚೌಕಟ್ಟು

ಉಳಿದ ಎಂಟಕ್ಕೆ ಯಂತ್ರದಲ್ಲಿ ಒಂದೇ ಅಳತೆಯ ಕದ ಕೊಯ್ಯುವ ಆಲೋಚನೆ ಇತ್ತು. ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ ಅದು ಬಿತ್ತು. ಗೋಡೆ ಇಷ್ಟು ವರ್ಷಗಳಲ್ಲಿ ಅಲ್ಲಲ್ಲಿ ಕುಸಿದಿದೆ. ಒಂದು ಕಿಟಕಿಯಲ್ಲಿ ಎರಡು ಕರ್ಣಗಳ ನಡುವೆ 14 ಮಿಲಿಮೀಟರ್ ವ್ಯತ್ಯಾಸ. ಇಂಥ ಕಡೆ ಸುಲಭದ ದಾರಿ ಅಂದರೆ ಗೋಡೆ ಕೆತ್ತಿ, ಹೊಸ ಚೌಕಟ್ಟು ಕೂರಿಸಿ, ಸುತ್ತ ಸಿಮೆಂಟು ತುಂಬುವುದು. ಸುಣ್ಣದ ಗೋಡೆಗೆ ಸಿಮೆಂಟು ಹೊಂದುವುದಿಲ್ಲ. ತೇವ ಹೊರಬರಲಾಗದೆ ಮರದ ಬೆನ್ನಿಗೇ ನಿಲ್ಲುತ್ತದೆ. ಹಾಗಾಗಿ ಎಂಟರಲ್ಲಿ ಐದು ಕಡೆ ಹಳೇ ಚೌಕಟ್ಟನ್ನೇ ಉಳಿಸಿಕೊಂಡು ಕದವನ್ನು ಅದಕ್ಕೆ ತಕ್ಕಂತೆ ಓರೆಯಾಗಿ ಮಾಡಿದರು.

ಓರೆ ಕದ ಮಾಡುವುದು ಕೈಕೆಲಸವೇ. ಹೊರಗಿನ ಪಟ್ಟಿಗಳನ್ನು ತುಸು ಅಗಲ ಇಟ್ಟು, ಒಳಗಿನ ಗಾಜಿನ ಪಟ್ಟಿಗಳನ್ನು ನೇರ ನಿಲ್ಲಿಸಿ, ಓರೆಯನ್ನೆಲ್ಲ ಹೊರ ಅಂಚಿನಲ್ಲಿ ತೋಪಡ ಹೊಡೆದು ತೆಗೆಯಬೇಕು. ಆಗ ಕಣ್ಣಿಗೆ ಗಾಜುಗಳು ನೇರ ಕಾಣುತ್ತವೆ, ಓರೆ ಕಾಣುವುದಿಲ್ಲ. ಮೋಲ್ಡಿಂಗಿಗೂ ಮೇಸ್ತ್ರಿ ಕೊನೆಗೆ ಕೈ ತೋಪಡವನ್ನೇ ಹಿಡಿದರು. ಮೊದಲು ರೂಟರ್ ಅನ್ನುವ ಮರ ಕೆತ್ತುವ ಯಂತ್ರದಲ್ಲಿ ಮಾಡಿದ ತುಂಡಿನಲ್ಲಿ ಒಳಮೂಲೆಗಳು ದುಂಡಗಾಗಿದ್ದವು. ಸುತ್ತುವ ಬ್ಲೇಡಿಗೆ ಚೂಪು ಒಳಮೂಲೆ ತೆಗೆಯಲು ಬರುವುದಿಲ್ಲ. ಯಂತ್ರದಲ್ಲಿ ಹೆಚ್ಚುವರಿ ಮರ ತೆಗೆದು, ಮೂಲೆಗಳನ್ನು ಉಳಿಯಿಂದ ಮುಗಿಸುವ ಕ್ರಮ ಕೊನೆಗೆ ನಿಂತಿತು.

ಗಾಜು, ಪುಟ್ಟಿ, ಮುಂಬಾಗಿಲು

ಹಳೇ ಗಾಜು ಅಲೆಅಲೆಯಾಗಿರುತ್ತದೆ. ಗಾಜು ನಿಧಾನವಾಗಿ ಹರಿಯುವುದರಿಂದ ಹೀಗಾಗುತ್ತದೆ ಅಂತ ಹೇಳುವವರಿದ್ದಾರೆ. ಅದು ಸುಳ್ಳು. ಊದಿ ಬಿಡಿಸಿದ ಗಾಜು ಹಾಗೆಯೇ ಬರುತ್ತದೆ. ಕನ್ನಡಿಯಂತೆ ಸಮತಟ್ಟಾದ ಈಗಿನ ಗಾಜು ಬಂದದ್ದು 1950ರ ದಶಕದಲ್ಲಿ ಕರಗಿದ ತವರದ ಮೇಲೆ ಗಾಜು ತೇಲಿಸುವ ವಿಧಾನ ಬೆಳೆದ ಮೇಲೆ. ಕೆಡವಿದ ಕದಗಳಿಂದ ಒಡೆಯದೆ ಬಿಡಿಸಿದ ಹಳೇ ಗಾಜನ್ನೆಲ್ಲ ಮುಂಭಾಗದ ಕಿಟಕಿಗಳಿಗೆ ಹಾಕಿದರು. ಹೊಸ ಗಾಜು ಹಿಂದಿನ ಗೋಡೆಗೆ ಹೋಯಿತು.

ಪುಟ್ಟಿ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯದ್ದು. ಗಾಜು ಕೂರುವ ಕಚ್ಚಿಗೆ ಮೊದಲು ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ಒಣ ಮರ ಎಣ್ಣೆಯನ್ನು ಹೀರಿ ಪುಟ್ಟಿ ಬಿರುಕು ಬಿಡುತ್ತದೆ. ಮೇಲೆ ಕೆನೆ ಕಟ್ಟುವವರೆಗೆ ಬಣ್ಣ ಹೊಡೆಯಬಾರದು. ಬಣ್ಣ ಗಾಜಿನ ಮೇಲೂ ಒಂದೆರಡು ಮಿಲಿಮೀಟರ್ ಏರಬೇಕು, ಆ ಗೆರೆಯೇ ನೀರನ್ನು ತಡೆಯುವುದು. ಚೊಕ್ಕ ಮಾಡುತ್ತೇನೆ ಅಂತ ಬ್ಲೇಡಿನಿಂದ ಕೆರೆಯುವ ಪೇಂಟರ್‌ಗಳಿಗೆ ಇದನ್ನು ಹೇಳಿ ಹೇಳಿ ಸಾಕಾಯಿತು.

ಮುಂಬಾಗಿಲಿನ ಕೆಳಗಿನ ಅಡ್ಡಪಟ್ಟಿಯನ್ನು ಮಾತ್ರ ಬದಲಿಸಿದರು. ಒಂದು ಎಡವಟ್ಟು ಇಲ್ಲೂ ಆಯಿತು. ಒಳಗಿನ ದೊಡ್ಡ ಹಲಗೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಬೇಕು, ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗಲು ಜಾಗ ಬೇಕು. ಹಲಗೆ ಅಲ್ಲಾಡುತ್ತದೆ ಅಂತ ಸಹಾಯಕರೊಬ್ಬರು ಗೋಂದು ಹಾಕಿ ಬಿಗಿದಿದ್ದರು. ಬೇಸಿಗೆಯಲ್ಲಿ ಅದು ಮಧ್ಯಕ್ಕೆ ಸೀಳಿತು. ಸೀಳಿಗೆ ತೆಳು ಮರ ಕೂರಿಸಿ, ಗೋಂದು ಬಿಡಿಸಿ, ಮತ್ತೆ ಸಡಿಲ ಬಿಟ್ಟರು.

ಆದದ್ದು, ಬದಲಾದದ್ದು

9 ಕಿಟಕಿಗಳೂ ಎರಡು ಮಳೆಗಾಲ ಕಂಡಿವೆ. ಪಡುವಣ ಗೋಡೆಯಲ್ಲಿ ಒಂದು ಕದ ಉಬ್ಬಿ ಬಿಗಿಯಾಯಿತು, ಅಂಚಿಗೆ ಒಂದೆರಡು ಸಲ ತೋಪಡ ಹಾಕಿದ ಮೇಲೆ ಸರಿಹೋಯಿತು. ದುರಸ್ತಿ ಮಾಡಿದ ಆರರಲ್ಲಿ ಒಂದರ ಕೂಡಿಕೆ ಬಾಯಿ ಬಿಟ್ಟಿದೆ. ಅಲ್ಲಿ ತೇಪೆಯ ಸಂದನ್ನು ಹೊರಕ್ಕೆ ಇಳಿಜಾರಾಗಿ ಕೊಯ್ಯದೆ ಮಟ್ಟಸವಾಗಿ ಕೊಯ್ದಿದ್ದರು, ನೀರು ಅಲ್ಲೇ ಕೂತಿತು. ಅದನ್ನು ಮತ್ತೆ ಮಾಡಬೇಕು. ಮುಂಭಾಗದ ಆ 'ಚೆನ್ನಾಗಿರುವ' ಕಿಟಕಿಯನ್ನು ತೆಗೆಯಲಿಲ್ಲ. ಅದು ನಕಲಾದರೂ ಈಗ ಕಟ್ಟಡದ ಇತಿಹಾಸದ ಒಂದು ಭಾಗವೇ, ಮರವೂ ಗಟ್ಟಿಯಾಗಿದೆ. ಈ ತೀರ್ಮಾನವನ್ನು ಒಪ್ಪದವರು ತಂಡದಲ್ಲೇ ಇದ್ದಾರೆ.

ಪ್ರತಿ ಹೊಸ ಕದದ ಮೇಲಂಚಿನಲ್ಲಿ, ಮುಚ್ಚಿದಾಗ ಕಾಣದ ಜಾಗದಲ್ಲಿ, ಮಾಡಿದ ವರ್ಷವನ್ನು ಕಬ್ಬಿಣ ಕಾಯಿಸಿ ಸುಟ್ಟು ಒತ್ತಿದ್ದಾರೆ. ಮರದ ಕಟ್ಟಡಗಳ ಸಂರಕ್ಷಣೆಗೆ ಸ್ಮಾರಕಗಳ ಅಂತರರಾಷ್ಟ್ರೀಯ ಸಂಸ್ಥೆ ಇಕೊಮೊಸ್ 1999ರಲ್ಲಿ ಹೊರತಂದ ತತ್ವಗಳಲ್ಲಿ ಹೊಸ ಭಾಗಕ್ಕೆ ಹೀಗೆ ಗುರುತು ಹಾಕುವ ಮಾತಿದೆ. ಮುಂದೆ ಮಾದರಿ ಹುಡುಕಿ ಬರುವವರು ಸ್ಕ್ರೂ ಬಿಚ್ಚಿ, ಬಣ್ಣ ಕೆರೆದು ಊಹೆ ಮಾಡಬೇಕಾಗಿಲ್ಲ.

ಟ್ರಸ್ಟು ಮುಂದಿನ ಹಂತದ ಗುತ್ತಿಗೆ ಕರಾರನ್ನೂ ಬದಲಿಸಿತು. ಮಾದರಿ ಯಾವುದು, ಅದು ಮೂಲವೇ ಅನ್ನುವುದಕ್ಕೆ ಸಾಕ್ಷಿ ಏನು ಅಂತ ಬರೆದು ಸಹಿ ಆಗುವ ಮೊದಲು ಅಳತೆ ತೆಗೆಯುವಂತಿಲ್ಲ. ಅಳತೆ ಬಣ್ಣ ಬಿಡಿಸಿದ ಮರದ ಮೇಲೆಯೇ ಆಗಬೇಕು, ಕದದ ಅಡಿಭಾಗ, ಬೆನ್ನು, ಜೋಡಣೆಯ ಒಳಗು ಎಲ್ಲವೂ ಸೇರಿ. ಹಣ ಕೊಡುವುದು ಕಿಟಕಿಗೆ ಇಷ್ಟು ಅನ್ನುವ ಲೆಕ್ಕದ ಬದಲು, ಒಂದೊಂದು ಕಿಟಕಿಯ ಜಾಗದಲ್ಲಿ ಎಷ್ಟು ಕೆಲಸ ಅಂತ ನೋಡಿ. ಮಾದರಿ ಕಿಟಕಿ ಒಂದು ಮಳೆಗಾಲ ಕಳೆಯಬೇಕು ಅನ್ನುವ ಶರತ್ತಿಗೆ ಗುತ್ತಿಗೆದಾರರು ಇನ್ನೂ ತಕರಾರು ಎತ್ತುತ್ತಿದ್ದಾರೆ. ಕಾಯುವ ಕಾಲದ ಹಣ ಯಾರು ಕೊಡಬೇಕು ಅನ್ನುವುದು ಅವರ ಪ್ರಶ್ನೆ. ಅದರಲ್ಲಿ ತಪ್ಪೇನೂ ಇಲ್ಲ.

ಈಗ ಚರ್ಚೆಯಲ್ಲಿರುವುದು ಮೇಲಿನ ಹಜಾರದ ಗದ್ದಲ. ಹೊರಗಿನ ಸದ್ದು ತಡೆಯಲು ಎರಡು ಪದರದ ಗಾಜು ಬೇಕು ಅಂತ ಕಾರ್ಯದರ್ಶಿಯವರ ಆಸೆ. ಒಂದು ಕದದ ಗಾಜಿನ ಜಾಗ ಸುಮಾರು ಅರ್ಧ ಚದರ ಮೀಟರ್. ಮೂರು ಮಿಲಿಮೀಟರ್ ಗಾಜಿಗೆ ತೂಕ ಹತ್ತಿರ ಹತ್ತಿರ ನಾಲ್ಕು ಕಿಲೋ. ನಾಲ್ಕು ಮಿಲಿಮೀಟರ್‌ನ ಎರಡು ಪದರ ಹಾಕಿದರೆ ಹತ್ತು ಕಿಲೋ. ಕೀಲು ಬದಲಿಸಿ ಆ ತೂಕ ಹೊರಿಸಬಹುದು. ಆದರೆ ಜೋಡಿ ಗಾಜಿನ ಅಂಚಿನ ಸೀಲನ್ನು 16 ಮಿಲಿಮೀಟರ್ ಪಟ್ಟಿಯ ಹಿಂದೆ ಮರೆಮಾಡಲು ಆಗುವುದಿಲ್ಲ. ಪಟ್ಟಿ ದಪ್ಪ ಮಾಡಲೇಬೇಕು. ಅದರ ಬದಲು ಮೂಲ ಕದ ಮುಟ್ಟದೆ, ಒಳಗಡೆ ಗೋಡೆಯ ಆಳದಲ್ಲಿ ಬೇಕಾದಾಗ ತೆಗೆಯಬಹುದಾದ ಒಂದೇ ಹಾಳೆಯ ಗಾಜು ನಿಲ್ಲಿಸಿ ನೋಡೋಣ ಅಂತ ಮೇಸ್ತ್ರಿ ಸೂಚಿಸಿದ್ದಾರೆ. ಒಂದು ಕಿಟಕಿಗೆ ಅದನ್ನು ಮಾಡುತ್ತಿದ್ದಾರೆ.